ತೋಡಿಟ್ಟ ಗುಂಡಿ

ಗುಂಡಿ ಎಷ್ಟು ಆಳ ಇರಬೇಕು ಎಂದು ದ್ಯಾವಯ್ಯ ಕೇಳಿದಾಗ ಷಡಕ್ಷರಿ ಬಾಯಿಬಿಟ್ಟು ಹೇಳಲಿಲ್ಲ; ಕೈಯನ್ನು ಸೊಂಟದ ಮಟ್ಟಕ್ಕೆ ಹಿಡಿದು ಇಷ್ಟು ಎಂದು ತೋರಿಸಿದ. ಯಾರಿಗಾಗಿ ಗುಂಡಿ ತೋಡಿಸುತ್ತಿದ್ದನೋ ಆ ಮುದಿನಾಯಿ ದೊರೆ ಹತ್ತು ಹೆಜ್ಜೆ ಆಚೆ, ಹಿತ್ತಿಲ ಮೆಟ್ಟಿಲ ಬದಿಯಲ್ಲಿ ಗೋಣಿತಾಟಿನ ಮೇಲೆ ಮಲಗಿ ಈ ಕಡೆಗೇ ಮುಖ ಮಾಡಿತ್ತು. ಅದರ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಕಿವಿ ಕೇಳಿಸುತ್ತದೋ ಇಲ್ಲವೋ ಅದಕ್ಕೇ ಗೊತ್ತು. ಆದರೂ ಆ ಮುಖದ ಎದುರಿಗೆ ಅಡಿ, ಗೇಣು ಎಂದು ಮಾತಾಡಲು ಷಡಕ್ಷರಿಗೆ ನಾಲಗೆ ಏಳಲಿಲ್ಲ. ಏಳಲಿಲ್ಲವಲ್ಲ ಎಂದು ಸಮಾಧಾನವೂ ಆಗಲಿಲ್ಲ. ಗುಂಡಿ ತೋಡಿಸಬಹುದಂತೆ, ಅಳತೆ ಮಾತ್ರ ಹೇಳಬಾರದಂತೆ! ಎಂಥಾ ಮರ್ಯಾದಸ್ಥ ನೀನು, ಎಂದು ತನ್ನನ್ನು ತಾನೇ ಬೈದುಕೊಂಡ.

"ಸಣ್ ಪ್ರಾಣಿ ಸಾ, ಅಷ್ಟ್ ಆಳ ಯಾಕೆ," ಎಂದ ದ್ಯಾವಯ್ಯ, ಅಂಗೈ ಉಜ್ಜಿಕೊಂಡು ಗುದ್ದಲಿ ಹಿಡಿಯುತ್ತಾ. "ಅಲ್ಲಾ, ಇನ್ನೂ ಉಸ್ರಾಡ್ತಾ ಅದಲ್ಲ?"

"ನಾಲ್ಕು ಗಂಟೆಗೆ ಡಾಕ್ಟ್ರು ಬಂದು ಇಂಜೆಕ್ಷನ್ ಕೊಡ್ತಾರೆ. ಆಮೇಲೆ ನೀನು ಕೈಗೆ ಸಿಗ್ಬೇಕಲ್ಲ ದ್ಯಾವಯ್ಯ. ಅದಕ್ಕೇ ಬೆಳಿಗ್ಗೇನೇ ಬಾ ಅಂದಿದ್ದು."

"ಸರಿ ಬುಡಿ. ಆದ್ರೆ ಒಂದ್ ಮಾತು ಸಾ. ತೋಡಿದ್ ಗುಂಡಿ ಕಾಲಿ ಬುಡಂಗಿಲ್ಲ. ದೀಪ ಅಚ್ಚೋ ಒತ್ಗೆ ಮುಚ್ಬುಡ್ಬೇಕು. ಬಾಯ್ ತಕ್ಕಂಡ್ ಕುಂತಿರ್ತದೆ ಅದು. ಇಲ್ದಿದ್ರೆ ಮನೆಯೋರ್ನೇ ಕೇಳ್ತದೆ."

ಷಡಕ್ಷರಿ ಒಳಗೆ ಹೋದ. ಈ ಮಾತನ್ನು ದ್ಯಾವಯ್ಯ ಅವನಿಗೆ ಕಲಿಸಬೇಕಾಗಿರಲಿಲ್ಲ.

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರು ಅನ್ನುತ್ತಾರಲ್ಲ, ಆ ಗಾದೆಯನ್ನು ಷಡಕ್ಷರಿಯನ್ನು ನೋಡಿಯೇ ಯಾರೋ ಕಟ್ಟಿರಬೇಕು. ಹಾಸನದ ಕಚೇರಿಯಲ್ಲಿ ಅವನು ಸೂಪರಿಂಟೆಂಡೆಂಟ್. ಬೆನ್ನ ಹಿಂದೆ ಅವನ ಹೆಸರೇ ಕುಲಾವಿ. ಯಾರಿಗೋ ವರ್ಗವಾಗಬಹುದು ಎಂದು ಗುಸುಗುಸು ಎದ್ದರೆ ಸಾಕು, ಬೀಳ್ಕೊಡುಗೆಯ ಹಾರಕ್ಕೆ ಹೇಳಿಬಿಡುತ್ತಿದ್ದ. ಅರಕಲಗೂಡಿಗೆ ಹೋಗುವುದಿದ್ದರೆ ಬಸ್ಸಿಗೆ ಒಂದು ಗಂಟೆ ಮುಂಚೆ ನಿಲ್ದಾಣದಲ್ಲಿ ಹಾಜರು. ಜನ ಇದನ್ನು ಶಿಸ್ತು ಎಂದುಕೊಂಡಿದ್ದರು, ಇಲ್ಲವೇ ಗಡಿಬಿಡಿ ಎಂದು ನಗುತ್ತಿದ್ದರು. ಎರಡೂ ಅಲ್ಲ ಎಂದು ಷಡಕ್ಷರಿಗೆ ಗೊತ್ತಿತ್ತು. ಅದು ಭಯ. ಕೊನೆಯ ಗಳಿಗೆಯಲ್ಲಿ ಯಾರ ಮುಂದಾದರೂ ಕೈಚಾಚಬೇಕಾಗುತ್ತದಲ್ಲ, ಸ್ವಾಮಿ ಸ್ವಲ್ಪ ತಡೀರಿ, ಸ್ವಾಮಿ ನನ್ನದೊಂದು ತಪ್ಪಾಗಿದೆ ಅನ್ನಬೇಕಾಗುತ್ತದಲ್ಲ, ಆ ಮಾತಿನ ಭಯ. ಐವತ್ತೇಳು ವರ್ಷ ಅವನು ಆ ಮಾತಿನಿಂದ ತಪ್ಪಿಸಿಕೊಂಡೇ ಬದುಕಿದ್ದ. ಈ ಡಾಕ್ಟರನ್ನು ಮನೆಗೆ ಬರುವಂತೆ ಒಪ್ಪಿಸಿದ್ದೂ ಅವನಲ್ಲ, ಕಚೇರಿಯ ಪರಮೇಶ್. "ಮನೆಗೆಲ್ಲ ಬರಲ್ಲ ಅಂದ್ರು ಸಾರ್, ನಾನೇ ಬಿಡ್ಲಿಲ್ಲ. ನಿಮ್ಮ ಹೆಸರು ಹೇಳ್ದೆ, ಕಾಲು ಹಿಡಿಯೋದೊಂದ್ ಬಾಕಿ," ಎಂದು ಪರಮೇಶ್ ಎಲ್ಲರಿಗೂ ಕೇಳುವಂತೆ ಹೇಳಿದಾಗ ಷಡಕ್ಷರಿಗೆ ಕುತ್ತಿಗೆವರೆಗೆ ಬೆವರಿತ್ತು. ಒಂದು ನಾಯಿಯ ಸಾವಿಗೆ ಇಷ್ಟು ಋಣ!

ದೊರೆಗೆ ಹದಿನಾಲ್ಕು ವರ್ಷ. ಮಗಳು ರಂಜಿತಾ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಟ್ಯೂಷನ್ನಿನಿಂದ ಬರುತ್ತಾ ಮೋರಿ ಪಕ್ಕ ಬಿದ್ದಿದ್ದ ಕಂದು ಮರಿಯನ್ನು ಲಂಗದಲ್ಲಿ ಸುತ್ತಿಕೊಂಡು ತಂದಿದ್ದಳು. ಈಗ ಅವಳು ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಮೇಡಂ. ಸೋಮವಾರದಿಂದ ನಾಯಿ ಅನ್ನ ಮುಟ್ಟಿಲ್ಲ, ಹಿಂಗಾಲು ಎಳೆದುಕೊಂಡಿದೆ. ಬುಧವಾರ ಆಟೋದಲ್ಲಿ ಹಾಕಿಕೊಂಡು ಹೋದಾಗ ಡಾಕ್ಟರು ಕಿಡ್ನಿ ಹೋಗಿದೆ, ಎರಡು ಮೂರು ದಿನ ಅಷ್ಟೆ, ಸುಮ್ಮನೆ ನರಳಿಸಬೇಡಿ ಎಂದರು. ನಿನ್ನೆ ಫೋನಿನಲ್ಲಿ ರಂಜಿತಾ ತುಂಬ ಹೊತ್ತು ಅತ್ತು, ಆಮೇಲೆ ಮೂಗು ಒರೆಸಿಕೊಂಡು ಖಡಾಖಂಡಿತ ಹೇಳಿದ್ದಳು: "ಅಪ್ಪಾ, ಇನ್ನು ಏಳೋದೇ ಇಲ್ಲ ಅಂತಾದ್ರೆ ಕೊಡಿಸು. ಒಂದೇ ಒಂದ್ ಸಲ ಎದ್ದು ನಿಂತ್ರೂ ಬೇಡ. ಭಾನುವಾರ ನಾನು ಬರ್ತೀನಿ, ನೋಡೋಣ." ಷಡಕ್ಷರಿ ಹೂಂ ಅಂದಿದ್ದ. ಏಳುವುದಿಲ್ಲ ಎಂದು ಅವನಿಗೆ ಅಷ್ಟು ಖಾತ್ರಿಯಿತ್ತು.

ಹೊಸ ಮರಿ ಬರಲಿ ಎಂದು ಹಟ ಹಿಡಿದವಳು ಹೆಂಡತಿ ಪ್ರೇಮಕುಮಾರಿ. ದೊರೆ ಹೋದ ಮೇಲೆ ತಂದರೆ ನನಗೆ ಅದನ್ನು ಎತ್ತಿಕೊಳ್ಳಲು ಮನಸ್ಸು ಬರಲ್ಲ ಕಣ್ರೀ, ಅದು ಇರೋವಾಗಲೇ ಬಂದುಬಿಡಲಿ, ಮನೆ ಬಿಕೋ ಅನ್ನಬಾರದು ಎಂದಿದ್ದಳು. ಅವಳ ತಮ್ಮ ಸಿದ್ದೇಶ್ವರ ಮಲ್ಲಿಪಟ್ಟಣದಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಹನ್ನೊಂದರ ಹೊತ್ತಿಗೆ ಮುಚ್ಚಳದ ಬುಟ್ಟಿ ಹಿಡಿದು ಬಂದ. "ಕಂಡಕ್ಟ್ರು ಇದ್ಕೂ ಟಿಕೇಟ್ ಅರದ ಕಣಕ್ಕಾ, ಕೆಂಪಣ್ಣನ ಮನೆ ನಾಯಿ ಮರಿ, ಗಟ್ಟಿ ತಳಿ," ಎನ್ನುತ್ತಾ ಹಿತ್ತಿಲಿಗೆ ಬಂದವನು ಗುಂಡಿಯನ್ನೂ ಮೇಲೆ ರಾಶಿಯಾಗಿದ್ದ ಕೆಮ್ಮಣ್ಣನ್ನೂ ನೋಡಿ ನಿಂತ. ಆಮೇಲೆ ದೊರೆಯನ್ನು ನೋಡಿದ. ಆಮೇಲೆ ಭಾವನನ್ನು.

"ಏನ್ ಭಾವ, ಎಲ್ಲಾ ಮುಂಚೇನೇ ರೆಡಿ ಮಾಡ್ಕಂಡ್ಬುಟ್ಟಿದ್ದೀರ! ಮಾವನ ಟೈಮಲ್ಲೂ ಇಂಗೇ…" ಎಂದವನು ಅಕ್ಕನ ಮುಖ ನೋಡಿ ನಾಲಗೆ ಕಚ್ಚಿಕೊಂಡ. "ಒಳ್ಳೇದೇ ಬುಡಿ. ಕೊನೇ ಗಳಿಗೇಲಿ ಪರದಾಡೋ ಅಂಗಿಲ್ಲ."

ಷಡಕ್ಷರಿ ನಕ್ಕ. ಅವಮಾನವಾದಾಗ ನಗುವುದು ಅವನ ಅಭ್ಯಾಸ. ಗುದ್ದಲಿ ನಿಲ್ಲಿಸಿ ದ್ಯಾವಯ್ಯನೂ ಕೇಳಿಸಿಕೊಂಡ ಎಂಬುದು ಅವನಿಗೆ ಬೆನ್ನಿನಲ್ಲೇ ಗೊತ್ತಾಯಿತು.

ಬುಟ್ಟಿಯಿಂದ ಇಳಿದ ಮರಿ ಕಪ್ಪಗೆ, ಹೊಟ್ಟೆ ಮಾತ್ರ ಬಿಳಿ, ಹೆಚ್ಚೆಂದರೆ ನಲವತ್ತು ದಿನದ್ದು. ನೆಲ ಮೂಸಿತು, ಅಲ್ಲೇ ಉಚ್ಚೆ ಹೊಯ್ದಿತು, ಸುತ್ತಲಿದ್ದ ಯಾರನ್ನೂ ಲೆಕ್ಕಕ್ಕಿಡದೆ ಸೀದಾ ಗೋಣಿತಾಟಿನ ಕಡೆ ಓಡಿತು. ಹೋಗಿ ದೊರೆಯ ಹೊಟ್ಟೆಯಡಿ ಮೂತಿ ತೂರಿಸಿ ಮೊಲೆ ಹುಡುಕತೊಡಗಿತು. "ಅಯ್ಯೋ ಮುಠ್ಠಾಳ, ಅದು ಗಂಡು ಕಣೋ," ಎಂದು ಪ್ರೇಮಕುಮಾರಿ ಅಳುತ್ತಲೇ ನಕ್ಕುಬಿಟ್ಟಳು. ಮರಿ ಬಿಡಲಿಲ್ಲ. ಒಣಗಿದ ಚರ್ಮವನ್ನು ಎಳೆದೆಳೆದು ಚೀಪಿತು, ಸಿಗದೆ ಕುಂಯ್‌ಗುಟ್ಟಿತು, ಮತ್ತೆ ನುಗ್ಗಿತು. ದೊರೆಯ ಮೂಗು ಮೊದಲು ಅಲುಗಿತು. ನಾಲ್ಕು ದಿನದಿಂದ ನೆಲಕ್ಕೆ ಅಂಟಿದ್ದ ತಲೆ ಎದ್ದಿತು. ಮರಿಯ ನೆತ್ತಿ ಮೂಸಿ, ಒಂದು ಸಲ ನೆಕ್ಕಿ, ಆಮೇಲೆ ಮುಂಗಾಲು ಊರಿತು. ಹಿಂಗಾಲು ನಡುಗಿದವು, ಒಮ್ಮೆ ಕುಸಿದವು, ಮತ್ತೆ ಊರಿಕೊಂಡವು. ದೊರೆ ನಿಂತಿತು. ನಿಂತು, ಮೈ ಕೊಡವಲು ಹೋಗಿ ಬೀಳುವಂತಾಗಿ ಸಾವರಿಸಿಕೊಂಡು, ಇಷ್ಟು ದಿನ ತಿರುಗಿಯೂ ನೋಡದಿದ್ದ ತಟ್ಟೆಯ ಕಡೆ ಒಂದೊಂದೇ ಹೆಜ್ಜೆ ಇಟ್ಟಿತು.

"ರೀ! ರೀ, ನೋಡ್ರೀ! ಎದ್ಬಿಡ್ತು ಕಣ್ರೀ!" ಪ್ರೇಮಕುಮಾರಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ಒಳಗೆ ಓಡಿ ಮೊಸರನ್ನ ಕಲಸಿ ತಂದಳು. ದೊರೆ ತಿಂದಿತು. ಮರಿ ಅದರ ಮೂತಿಯಡಿಯಲ್ಲೇ ನುಸುಳಿ ಅದೇ ತಟ್ಟೆಗೆ ಬಾಯಿ ಹಾಕಿದರೆ ಗುರ್ ಎನ್ನಲೂ ಇಲ್ಲ. ಸಿದ್ದೇಶ್ವರ ಶಿವಶಿವಾ ಎಂದ. ದ್ಯಾವಯ್ಯ ಗುಂಡಿಯೊಳಗೆ ನಿಂತು ಸೊಂಟದಿಂದ ಮೇಲಷ್ಟೇ ಕಾಣುತ್ತಾ ಹಲ್ಲು ಬಿಟ್ಟು ನಗುತ್ತಿದ್ದ. ಆ ಹಿತ್ತಿಲಿನಲ್ಲಿ ಆ ಗಳಿಗೆ ಸಂತೋಷಪಡದೆ ಉಳಿದ ಜೀವ ಒಂದೇ. ಷಡಕ್ಷರಿ ಮೊದಲು ನೋಡಿದ್ದು ಗುಂಡಿಯನ್ನು, ಆಮೇಲೆ ಕೈಗಡಿಯಾರವನ್ನು. ಹನ್ನೊಂದೂ ಮುಕ್ಕಾಲು. ನಾಲ್ಕು ಗಂಟೆಗೆ ಡಾಕ್ಟರು ಬರುತ್ತಾರೆ, ಏನು ಹೇಳುವುದು ಎಂಬುದೇ ಅವನಿಗೆ ಹೊಳೆದ ಮೊದಲ ಯೋಚನೆ. ತನ್ನ ಎದೆಯಲ್ಲಿ ಬೇರೆ ಏನಾದರೂ ಇದೆಯೇ ಎಂದು ತಡಕಾಡಿದ. ಇತ್ತೇನೋ, ಅದರ ಮೇಲೆ ಗಡಿಯಾರ ಕೂತಿತ್ತು.

ತಿಂದು ಮುಗಿಸಿದ ದೊರೆ ಬಾಯಿ ನೆಕ್ಕಿಕೊಳ್ಳುತ್ತಾ ಮೆಲ್ಲಗೆ ಗುಂಡಿಯ ಅಂಚಿಗೆ ಬಂದು ಹಸಿ ಮಣ್ಣು ಮೂಸಿತು. ಅಪ್ಪನೂ ಹೀಗೇ ಎದ್ದಿದ್ದರು. ಎದ್ದು ಕೂತಿರಲಿಲ್ಲ, ಕಣ್ಣು ಬಿಟ್ಟಿದ್ದರು, ಅಷ್ಟೇ ಸಾಕಾಗಿತ್ತು. ಮೂರು ವರ್ಷದ ಹಿಂದೆ, ಕಟ್ಟಾಯದ ಮನೆಯಲ್ಲಿ. ಆಸ್ಪತ್ರೆಯಿಂದ ಕರೆತಂದ ದಿನ ಇನ್ನು ಹೆಚ್ಚೆಂದರೆ ಎರಡು ಗಂಟೆ ಎಂದಿದ್ದರು. ಷಡಕ್ಷರಿ ಎಲ್ಲರಿಗೂ ಫೋನು ಮಾಡಿದ, ವಿಭೂತಿಗಟ್ಟಿ ತರಿಸಿದ, ಉಪ್ಪು ತರಿಸಿದ, ಹೊಲದಲ್ಲಿ ಗುಂಡಿಗೆ ಆಳು ಕಳಿಸಿದ. ಕೂರಿಸಿ ಮಣ್ಣು ಮಾಡುವ ಮನೆತನ. ಗುಂಡಿ ಆ ಜೀವದ ಪಾದದ ಲೆಕ್ಕದಲ್ಲೇ ಆಗಬೇಕು, ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ. ಉಸಿರು ನಿಂತ ಮೇಲೆ ತೆಗೆಯುವ ಅಳತೆ ಅದು. ಆದರೆ ಆಳುಗಳು ಹೊಲದಲ್ಲಿ ಕಾಯುತ್ತಿದ್ದರಲ್ಲ! ಷಡಕ್ಷರಿ ಅಪ್ಪನ ಹೊದಿಕೆ ಸರಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಹುರಿಯನ್ನು ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಹಿಡಿದ. ಹೆಬ್ಬೆರಳು ಅಲುಗಿತು. ಪಾದ ಬೆಚ್ಚಗಿತ್ತು. ಅವನು ಅಲ್ಲಿಗೇ ಹುರಿಗೆ ಗಂಟು ಹಾಕಿಕೊಂಡು ಹೊರಗೆ ಬಂದ. ಎರಡು ಗಂಟೆ ಕಳೆಯಿತು. ಒಂದು ದಿನ ಕಳೆಯಿತು. ಗುಂಡಿಯ ಮೇಲೆ ಟಾರ್ಪಾಲು ಹೊದಿಸಿದರು. ನೆಂಟರೆಲ್ಲ ಜಗಲಿಯಲ್ಲಿ ಸಾಲಾಗಿ ಮಲಗಿ ಎದ್ದು, ಹಲ್ಲುಜ್ಜಿ, ಉಪ್ಪಿಟ್ಟು ತಿಂದು, ಮತ್ತೆ ಸಾಲಾಗಿ ಕೂತರು. ಅವರ ಎಲೆ ಮುಂದೆ ಬಡಿಸುತ್ತಾ ಓಡಾಡುವಾಗ ಷಡಕ್ಷರಿಗೆ ತಾನು ಕರೆದ ಮದುವೆಯಲ್ಲಿ ಹೆಣ್ಣೇ ಬಂದಿಲ್ಲವೇನೋ ಎಂಬಂತೆ ನಾಚಿಕೆಯಾಗುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಅಪ್ಪ ಪಂಚಾಕ್ಷರಯ್ಯನವರು ಕಣ್ಣುಬಿಟ್ಟು, ಬಾಗಿಲಾಚೆ ತುಂಬಿದ್ದ ತಲೆಗಳನ್ನು ನೋಡಿ, "ಯಾಕ್ಲಾ ಷಡಕ್ಷರಿ, ಎಲ್ರೂ ಬಂದವ್ರೆ?" ಎಂದು ಕೇಳಿದರು. ಅವನು ಹೊದಿಕೆ ಸರಿಪಡಿಸಿದ. ಆಗಲೇ ಜಗಲಿಯಲ್ಲಿ ದೊಡ್ಡಪ್ಪನ ಮಗ ಕಾಂತರಾಜು, "ತೋಡಿದ್ ಗುಂಡಿ ಮೂರ್ ದಿನ್ದಿಂದ ಕಾಲಿ ಅದಲ್ರಪ್ಪಾ, ಊರ್ಗೇ ಕೇಡು," ಎಂದು ಯಾರಿಗೋ ಹೇಳುತ್ತಿದ್ದ. ಅಪ್ಪ ಕೇಳಿಸಿಕೊಂಡರು. ತುಂಬ ಹೊತ್ತು ಮಗನ ಮುಖವನ್ನೇ ನೋಡಿದರು. "ತೋಡ್ಸ್‌ಬುಟ್ಯಾ?" ಎಂದರು. ಹೂಂ ಎಂದ. "ಅಂಗಾರೆ ಜನ್ರನ್ನ ಕಾಯಿಸ್ಬಾರ್ದು ಕಣಪ್ಪ." ಅಷ್ಟೇ. ಆಮೇಲೆ ಚಮಚದಲ್ಲಿ ನೀರು ಹಿಡಿದರೆ ಹಲ್ಲು ಕಚ್ಚಿಕೊಂಡರು. ಗಂಜಿ ಹಿಡಿದರೆ ಮುಖ ಗೋಡೆಗೆ ತಿರುಗಿಸಿದರು. ನಾಲ್ಕನೆಯ ದಿನ ಮಧ್ಯಾಹ್ನ ಹೋದರು. ಎಷ್ಟು ಅಚ್ಚುಕಟ್ಟಾಗಿ ಮಾಡಿದೆಯಪ್ಪ ಎಂದು ಹೊಗಳಿ ನೆಂಟರು ಬಸ್ಸು ಹತ್ತಿದರು. ಅಪ್ಪನೊಂದಿಗಿನ ಆ ಮಾತುಕತೆಯನ್ನು ಷಡಕ್ಷರಿ ಇವತ್ತಿನವರೆಗೆ ಯಾರಿಗೂ ಹೇಳಿಲ್ಲ, ಪ್ರೇಮಕುಮಾರಿಗೂ ಇಲ್ಲ.

"ಇವತ್ತು ಬೇಡ ಅಲ್ವೇನ್ರೀ?" ಪ್ರೇಮಕುಮಾರಿ ಕೇಳುತ್ತಿದ್ದಳು. ಊಟ ಮುಗಿಸಿ ಸಿದ್ದೇಶ್ವರ ಹೊರಟಾಗಿತ್ತು. ದೊರೆ ಮೆಟ್ಟಿಲ ಮೇಲೆ ಬಿಸಿಲಿಗೆ ಮೈಯೊಡ್ಡಿತ್ತು, ಮರಿ ಅದರ ಕುತ್ತಿಗೆ ಮೇಲೆ ತಲೆಯಿಟ್ಟು ನಿದ್ದೆ ಹೋಗಿತ್ತು.

"ಬೇಡ, ಬೇಡ. ಎದ್ದಿದೆಯಲ್ಲ."

"ಮತ್ತೆ ಡಾಕ್ಟ್ರಿಗೆ ಫೋನ್ ಮಾಡಿ ಹೇಳ್ಬಿಡಿ. ಪಾಪ, ಸುಮ್ನೆ ಯಾಕೆ ಬರ್ಬೇಕು."

"ಮಾಡ್ತೀನಿ. ಮಾಡ್ತೀನಿ ಕಣೆ."

ಅವಳು ನಂಬಿದಳು. ಮೂವತ್ತು ವರ್ಷ ಸಂಸಾರ ಮಾಡಿಯೂ ಗಂಡನ ಮಾಡ್ತೀನಿ ಎಂಬ ಮಾತನ್ನು ನಂಬುವ ಹೆಂಗಸು. ದೊರೆಯ ಹಣೆಗೆ ಒಂದು ಬೊಟ್ಟು ವಿಭೂತಿ ಒತ್ತಿ, ಮೂರು ಗಂಟೆಗೆ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಾಮಾಕ್ಷಮ್ಮನಿಗೆ ತೋರಿಸಿಕೊಂಡು ಬರ್ತೀನಿ ಎಂದು ನಾಲ್ಕು ಮನೆ ಆಚೆಗೆ ಹೋದಳು. ಷಡಕ್ಷರಿ ಮೊಬೈಲು ಹಿಡಿದು ನಡುಮನೆಯಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿದ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡ: ನಮಸ್ಕಾರ ಸರ್, ನಾಯಿ ಸ್ವಲ್ಪ ಸುಧಾರಿಸಿದೆ, ಇವತ್ತು ಬೇಡ ಸರ್. ಎಷ್ಟು ಸಲೀಸು! ಆದರೆ ಪರಮೇಶ್ ಏನೆಂದುಕೊಳ್ಳುತ್ತಾನೆ? ನಾಳೆ ಟೀ ಹೊತ್ತಿನಲ್ಲಿ, ನಮ್ಮ ಕುಲಾವಿ ಸಾಹೇಬ್ರು ಗುಂಡಿನೂ ತೋಡ್ಸಿದ್ರಂತೆ, ನಾಯಿ ಎದ್ದು ಮೊಸರನ್ನ ತಿಂತಂತೆ ಎಂದು ಶುರುವಾದರೆ? ಅದು ಇನ್ನೆರಡು ದಿನಕ್ಕೆ ಮತ್ತೆ ಬಿದ್ದರೆ, ಮತ್ತೆ ಅದೇ ಪರಮೇಶನ ಮುಂದೆ ನಿಲ್ಲಬೇಕೇ? ಮೂರೂ ಇಪ್ಪತ್ತಕ್ಕೆ ಕಣ್ಣು ಮುಚ್ಚಿ ನಂಬರು ಒತ್ತಿದ.

"ಹಾಂ ಸರ್, ಹೊರಟಿದ್ದೀನಿ, ಗಾಡಿ ಮೇಲಿದ್ದೀನಿ," ಎಂದಿತು ಡಾಕ್ಟರ ದನಿ. "ಇವತ್ತು ಬೇರೆ ಕಡೆ ಕರೆದಿದ್ರು, ನಿಮಗೋಸ್ಕರ ಅದನ್ನ ಬಿಟ್ಟು ಬರ್ತಿದ್ದೀನಿ. ಏನು ಹೇಳಿ ಸರ್?"

"ಏನಿಲ್ಲ ಸರ್. ಮನೆ ಗುರುತು ಸಿಗುತ್ತೋ ಇಲ್ವೋ ಅಂತ ಮಾಡ್ದೆ. ನೀರಿನ ಟ್ಯಾಂಕ್ ಹತ್ರ ಎಡಕ್ಕೆ."

ಫೋನನ್ನು ಜೇಬಿಗೆ ಹಾಕಿಕೊಂಡ. ಬರಲಿ, ಎದುರಿಗೇ ಹೇಳಿದರಾಯಿತು ಎಂದುಕೊಂಡ. ಹಿತ್ತಿಲಿಗೆ ಹೋದರೆ ದ್ಯಾವಯ್ಯ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಈಗ್ ಏನ್ ಮಾಡಾನ ಸಾ? ಗುಂಡಿಗೆ ಯೋಚ್ನೆ ಮಾಡ್ಬ್ಯಾಡಿ. ಒಂದ್ ಬೂದ್ಗುಂಬ್ಳಕಾಯಿ ತಂದು, ಅರ್ಸ್ನ ಕುಂಕ್ಮ ಆಕಿ, ಒಳೀಕ್ ಮಡಗಿ ಮುಚ್ಬುಟ್ರೆ ಆಯ್ತು. ಗುಂಡಿ ಸಮಾಧಾನ ಆಯ್ತದೆ. ಅಂಗಡಿಗ್ ಓಗಿ ತಕ್ಕಬರ್ಲಾ?"

ಹೀಗೂ ಉಂಟೇ? ಒಂದು ಕುಂಬಳಕಾಯಿಗೆ ಮುಗಿಯುವ ಮಾತೇ ಇದು? ಕಟ್ಟಾಯದಲ್ಲಿ ಆ ಮೂರು ದಿನ ಯಾರೊಬ್ಬರ ಬಾಯಲ್ಲೂ ಇದು ಬರಲಿಲ್ಲವಲ್ಲ! ಅಥವಾ ಬಂದಿತ್ತೇ, ಬಡಿಸುವ ಗಡಿಬಿಡಿಯಲ್ಲಿ ತಾನೇ ಕೇಳಿಸಿಕೊಂಡಿರಲಿಲ್ಲವೇ? ಷಡಕ್ಷರಿ ಗುಂಡಿಯ ಅಂಚಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಇರು, ಡಾಕ್ಟ್ರು ಬಂದ್ಬಿಡ್ಲಿ," ಎಂದ. ದ್ಯಾವಯ್ಯ ಭುಜ ಕುಣಿಸಿ ಬೀಡಿ ಎಳೆದ.

ಡಾಕ್ಟರ್ ಅನಿಲ್‌ಕುಮಾರ್ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಹೆಲ್ಮೆಟ್ಟಿನಿಂದ ಹಣೆ ಮೇಲೆ ಗೆರೆ ಬಿದ್ದಿತ್ತು. ಮೂವತ್ತೋ ಮೂವತ್ತೆರಡೋ ವಯಸ್ಸು. ಹಿತ್ತಿಲ ಬಾಗಿಲಲ್ಲಿ ಅವರನ್ನು ಎದುರುಗೊಂಡದ್ದು ದೊರೆಯೇ. ಹೆಜ್ಜೆ ಎಣಿಸುತ್ತಾ ಬಂದು ಶೂ ಮೂಸಿ, ಬಾಲವನ್ನು ಎರಡು ಸಲ ಆಡಿಸಿತು.

"ಇದೇನಾ ಸರ್? ಬುಧವಾರ ತಂದಿದ್ದು ಇದೇ ನಾಯಿನಾ?" ಅವರು ಕುಕ್ಕರಗಾಲಲ್ಲಿ ಕೂತು ಒಸಡು ನೋಡಿದರು, ಬೆನ್ನು ಒತ್ತಿದರು, ಹೊಟ್ಟೆ ಒತ್ತಿದರು. ದೊರೆ ಅವರ ಮೊಣಕಾಲಿಗೆ ಗಲ್ಲ ಊರಿಕೊಂಡು ಸುಮ್ಮನೆ ನಿಂತಿತ್ತು. "ಸುಳ್ಳು ಹೇಳಲ್ಲ ಸರ್. ಕಿಡ್ನಿ ಏನೂ ಸರಿಹೋಗಿಲ್ಲ, ಹೋಗೋದೂ ಇಲ್ಲ. ಆದ್ರೆ ಇವತ್ತು ನೋವಲ್ಲಿಲ್ಲ. ಒಂದು ವಾರ ಇರಬಹುದು, ಹದಿನೈದು ದಿನಾನೂ ಇರಬಹುದು. ಇವತ್ತೇ ಆಗ್ಬೇಕು ಅಂತೇನಿಲ್ಲ. ನೀವು ಹೇಳಿ, ನಾನು ವಾಪಸ್ ಹೋಗ್ತೀನಿ. ಬೇಕಾದಾಗ ಒಂದು ಫೋನ್ ಮಾಡಿ, ಅಷ್ಟೆ."

ಬಾಗಿಲು ಪೂರ್ತಿ ತೆರೆದಿತ್ತು. ಷಡಕ್ಷರಿ ಆಮೇಲೆ ಎಷ್ಟೇ ಯೋಚಿಸಿದರೂ ತನ್ನನ್ನು ಯಾರೂ ತಳ್ಳಿದ್ದು ಅವನಿಗೆ ನೆನಪಾಗುವುದಿಲ್ಲ. ಡಾಕ್ಟರು ಒಪ್ಪಿದ್ದರು, ದ್ಯಾವಯ್ಯ ಉಪಾಯ ಹೇಳಿದ್ದ, ಹೆಂಡತಿ ಬೇಡ ಅಂದಿದ್ದಳು, ಮಗಳು ಬೇಡ ಅಂದಿದ್ದಳು. ಇವತ್ತು ಬೇಡ ಸರ್: ಮೂರೇ ಮೂರು ಮಾತು ಗಂಟಲಲ್ಲಿ ಸಿದ್ಧವಾಗಿದ್ದವು. ಅವನು ಡಾಕ್ಟರ ಶೂ ಮೇಲಿನ ಧೂಳು ನೋಡಿದ. ಬಿಟ್ಟುಬಂದ ಇನ್ನೊಂದು ಕರೆಯನ್ನು ನೆನೆಸಿಕೊಂಡ. ಬೆಳಿಗ್ಗೆಯಿಂದ ತೋಡಿದ ಗುಂಡಿ, ಹಾಕಿದ ರಜೆ, ಕಾಲು ಹಿಡಿಯೋದೊಂದ್ ಬಾಕಿ ಎಂದ ಪರಮೇಶ್, ಎಲ್ಲರೂ ಸುತ್ತ ನಿಂತು ಕೈಕಟ್ಟಿಕೊಂಡು ತನ್ನ ಬಾಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಆಗ ಅವನ ಬಾಯಿ, ಐವತ್ತೇಳು ವರ್ಷ ಪಳಗಿದ ಆ ಮರ್ಯಾದೆಯ ಬಾಯಿ, ತಾನಾಗಿಯೇ ಮಾತಾಡಿತು.

"ಇಷ್ಟು ದೂರ ಬಂದಿದ್ದೀರ. ನಿಮಗ್ಯಾಕೆ ಸರ್ ಮತ್ತೆ ತೊಂದರೆ."

ಡಾಕ್ಟರು ತಲೆಯೆತ್ತಿ ನೋಡಿದರು. "ನನಗೇನೂ ತೊಂದರೆ ಇಲ್ಲ ಸರ್."

"ಇಲ್ಲ ಇಲ್ಲ. ಹೇಗಿದ್ರೂ ಇವತ್ತಲ್ಲ ನಾಳೆ… ಎಲ್ಲಾ ತಯಾರಾಗಿದೆ. ಆಗಿಹೋ‌ಗ್ಲಿ."

"ನಾ ಕುಂಬ್ಳಕಾಯ್ ತತ್ತೀನಿ ಅಂದ್ನಲ್ಲ ಸಾ," ಎಂದು ದ್ಯಾವಯ್ಯ ಹಿಂದಿನಿಂದ ಗೊಣಗಿದ್ದು ಕೇಳಿಸದವನಂತೆ ಷಡಕ್ಷರಿ ಗೋಣಿತಾಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ತೊಡೆ ತಟ್ಟಿದ. ಬಾ ಎಂದ. ದೊರೆ ಬಂದಿತು. ಕಣ್ಣು ಕಾಣದಿದ್ದರೂ ತೊಡೆ ತಟ್ಟಿದ ಕಡೆಗೇ ನೆಟ್ಟಗೆ ಬಂದು, ಯಜಮಾನನ ಮಡಿಲು ಸಿಕ್ಕಿತಲ್ಲ ಎಂದು ನಿಟ್ಟುಸಿರು ಬಿಟ್ಟು, ತಲೆ ಇಟ್ಟುಕೊಂಡಿತು. ಈ ಮನೆಯಲ್ಲಿ ಅದನ್ನು ಮಡಿಲಿಗೆ ಕರೆಯುತ್ತಿದ್ದವಳು ರಂಜಿತಾ. ಷಡಕ್ಷರಿ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕರೆದಿರಲಿಲ್ಲ. ಮೊದಲ ಸೂಜಿಗೆ ಅದು ನಿದ್ದೆ ಹೋಯಿತು. ಎರಡನೆಯದಕ್ಕೆ ಮುಂಚೆ ಡಾಕ್ಟರು, ಕೊಡಲೇ ಎಂದು ಇನ್ನೊಂದು ಸಲ ಕೇಳಿದರು. ಈಗಲೂ ಇದು ಬರೀ ನಿದ್ದೆ ಸರ್, ಎಂದರು. ಅವರು ಹಾಗೆ ಕೇಳದಿದ್ದರೆ ಚೆನ್ನಾಗಿರುತ್ತಿತ್ತು. ಷಡಕ್ಷರಿ ತಲೆಯಾಡಿಸಿದ. ಸ್ವಲ್ಪ ಹೊತ್ತಿಗೆ ತೊಡೆಯ ಮೇಲಿನ ಭಾರ ಬೇರೆ ರೀತಿಯ ಭಾರವಾಯಿತು. ಡಾಕ್ಟರು ಕೈ ತೊಳೆದು, ದುಡ್ಡು ಬೇಡ ಸರ್ ಎಂದು ಕೈ ಮುಗಿದು, ಅವನ ಮುಖ ನೋಡದೆ ಹೊರಟುಹೋದರು.

ದ್ಯಾವಯ್ಯ ಮಣ್ಣು ತಟ್ಟಿ ಸಮ ಮಾಡುವಾಗ ಪ್ರೇಮಕುಮಾರಿ ಬಂದಳು. ಸೆರಗಿನೊಳಗಿಂದ ಮರಿ ತಲೆ ಹೊರಹಾಕಿತ್ತು. ಅವಳು ಖಾಲಿ ಗೋಣಿತಾಟು ನೋಡಿದಳು, ಮಣ್ಣು ನೋಡಿದಳು.

"ಫೋನ್ ಮಾಡ್ತೀನಿ ಅಂದ್ರಿ."

"ಮಾಡ್ದೆ."

"ಮಾಡಿ?"

ಷಡಕ್ಷರಿ ಗೋಣಿತಾಟು ಮಡಿಸತೊಡಗಿದ. ಅವಳು ಕೂಗಾಡುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಕಾದ. ಹಾಗಾದರೂ ಆಗಬಾರದೇ ಎಂದು ಒಳಗೊಳಗೇ ಬೇಡಿಕೊಂಡ.

"ಡಾಕ್ಟ್ರಿಗೆ ಕಾಫಿ ಕೊಟ್ರಾ?" ಎಂದು ಕೇಳಿದಳು.

"ಇಲ್ಲ."

"ಅದೊಂದ್ ಯಾಕೆ ಬಿಟ್ರಿ ಮತ್ತೆ." ಮರಿಯನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡು ಒಳಗೆ ಹೋದಳು. ಹಿತ್ತಿಲ ಬಾಗಿಲಿನ ಚಿಲಕ ಹಾಕಿದ ಸದ್ದಾಯಿತು. ಅವನು ಹೊರಗಿದ್ದಾನೆ ಎಂದು ಗೊತ್ತಿದ್ದೇ ಹಾಕಿದಳು.

ದ್ಯಾವಯ್ಯನೂ ಹೋದ ಮೇಲೆ ಷಡಕ್ಷರಿ ಮೆಟ್ಟಿಲ ಮೇಲೆ ಕೂತಿದ್ದ. ಪ್ಯಾಂಟಿನ ತೊಡೆಯ ಮೇಲೆ ಕಂದು ಕೂದಲು ಅಂಟಿತ್ತು. ಕೊಡವಲು ಕೈ ಬರಲಿಲ್ಲ. ಅಳು ಬಂದರೆ ಹಗುರವಾಗಬಹುದೆಂದು ಪ್ರಯತ್ನಿಸಿದ, ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಎಂದುಕೊಂಡ. ಆಗ ಮೊಬೈಲು ಕೂಗಿತು. ರಂಜಿತಾ. ಹಿಂದೆ ಮಕ್ಕಳು ಶಾಲೆಯಿಂದ ಹೊರಬೀಳುವ ಗದ್ದಲ.

"ಅಪ್ಪಾ, ಏನ್ ಮಾಡ್ತಿದಾನೆ ನಮ್ಮ ದೊರೆ?"

ದನಿ ಗೆಲುವಾಗಿತ್ತು. ಪಾಪ, ಅಳು ಅದುಮಿಕೊಂಡು ಧೈರ್ಯ ತೋರಿಸುತ್ತಿದ್ದಾಳೆ ಎಂದುಕೊಂಡ. ಬೆಳಿಗ್ಗೆಯಿಂದ ಕಟ್ಟಿಹೋಗಿದ್ದ ನಾಲಗೆ ಈಗ ಸರಾಗವಾಗಿ ಹರಿಯಿತು.

"ಹೋಯ್ತು ಪುಟ್ಟಿ. ನಾಲ್ಕು ಗಂಟೆಗೆ. ಬೆಳಿಗ್ಗೆಯಿಂದ ಎದ್ದೇ ಇರ್ಲಿಲ್ಲ. ಒಂದು ತೊಟ್ಟು ನೀರೂ ಮುಟ್ಲಿಲ್ಲ. ನೀ ಹೇಳಿದ್ದೆಯಲ್ಲ ಅಂತ ನಾನೂ ಕಾದೆ, ಎದ್ದೇಳುತ್ತೇನೋ, ಎದ್ದೇಳುತ್ತೇನೋ ಅಂತ. ತಲೇನೂ ಎತ್ಲಿಲ್ಲ. ಮರಿ ತಂದು ಪಕ್ಕದಲ್ಲಿ ಬಿಟ್ರೂ ಅದಕ್ಕೆ ಗೊತ್ತಾಗ್ಲಿಲ್ಲ. ಮಲಗಿದ್ದ ಹಾಗೇ ಹೋಗ್ಬಿಡ್ತು."

ಆ ಕಡೆ ಮಕ್ಕಳ ಗದ್ದಲ ದೂರವಾಗುತ್ತಾ ಹೋಯಿತು. ಅವಳು ಎಲ್ಲೋ ಒಂದು ಕಡೆ ನಿಂತುಬಿಟ್ಟಿರಬೇಕು.

"ಅಪ್ಪಾ," ಎಂದಳು ರಂಜಿತಾ. "ಅಮ್ಮ ಮಧ್ಯಾಹ್ನ ಫೋಟೋ ಕಳಿಸಿದ್ರು. ಎರಡೂ ನಿಂತ್ಕೊಂಡು ಒಂದೇ ತಟ್ಟೇಲಿ ತಿಂತಿದ್ವು."

ಅವಳು ಫೋನು ಇಡಲಿಲ್ಲ. ಇಟ್ಟಿದ್ದರೆ ಬದುಕಿಕೊಳ್ಳುತ್ತಿದ್ದ. ಅಪ್ಪ ಏನಾದರೂ ಹೇಳುತ್ತಾನೆಂದು ಅವಳು ಕಾಯುತ್ತಿದ್ದಳು.